ಐದು ಜನ, ಆಗುಂಬೆ ಘಾಟಿ, ಜಗಳೂರಿನ ಹೊಲ: ಸಣ್ಣ ಎಸ್‌ಯುವಿ ಎಂಜಿನ್ ಸಾಕಾಗುತ್ತಾ?

ವಿದ್ಯಾನಗರ_17

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು. ಮನೆಯಲ್ಲಿ ಐದು ಜನ: ನಾವಿಬ್ಬರು, ಇಬ್ಬರು ಮಕ್ಕಳು, ಅಮ್ಮ. ಅಮ್ಮನಿಗೆ ಮಂಡಿ ನೋವು, ಈಗಿರುವ ಹಳೇ ಕಾರಿನಲ್ಲಿ ಕೆಳಗೆ ಕುಸಿದು ಕೂತು ಮತ್ತೆ ಮೇಲೇಳುವುದು ಅವರಿಗೆ ಆಗುತ್ತಿಲ್ಲ. ಹಾಗಾಗಿ ಸೀಟು ಸ್ವಲ್ಪ ಎತ್ತರ ಇರುವ ಗಾಡಿ ಬೇಕು. ಆನ್ ರೋಡ್ ಒಂಬತ್ತು ಲಕ್ಷ ದಾಟಬಾರದು.

ಓಡಾಟ ಹೇಳುತ್ತೇನೆ. ದಿನಾ ಶಾಲೆ, ಮಂಡಿಪೇಟೆ. ವಾರಕ್ಕೊಮ್ಮೆ ಜಗಳೂರು ಕಡೆ ಹೊಲ. ಆಗಾಗ ಬೆಂಗಳೂರು. ವರ್ಷಕ್ಕೆ ಒಂದೆರಡು ಸಲ ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿ.

ಟಾಟಾ ಪಂಚ್, ಹ್ಯುಂಡೈ ಎಕ್ಸ್‌ಟರ್, ನಿಸಾನ್ ಮ್ಯಾಗ್ನೈಟ್ ಮೂರನ್ನೂ ನೋಡಿದ್ದಾಯ್ತು. ಶೋರೂಂನಲ್ಲಿ ಸ್ಕ್ರೀನ್ ತೋರಿಸುತ್ತಾರೆ, ಸನ್‌ರೂಫ್ ತೆಗೆದು ಮುಚ್ಚಿ ತೋರಿಸುತ್ತಾರೆ. ಎಂಜಿನ್ ಬಗ್ಗೆ ಕೇಳಿದರೆ "ಸೂಪರ್ ಸರ್, ಟೆನ್ಷನ್ ಇಲ್ಲ" ಅಷ್ಟೇ. ನನಗೆ ಬೇಕಿರೋದು ಅದೇ ವಿಷಯ. ಫುಲ್ ಲೋಡ್ ಹಾಕಿದರೆ ಎಳೆಯುತ್ತಾ? ಅಡಿ ತಾಗುತ್ತಾ? ಹೊಲದ ದಾರಿಗೆ ಆಗುತ್ತಾ?

ದುರ್ಗದ_ಕೋಟೆ

ಮೊದಲು ಒಂದು ಮಾತು. ಈ ಬೆಲೆಗೆ ಸಿಗೋದು ನಿಜವಾದ ಎಸ್‌ಯುವಿ ಅಲ್ಲ, ಎತ್ತರ ಮಾಡಿದ ಹ್ಯಾಚ್‌ಬ್ಯಾಕ್. ನೀವು ಹೇಳಿದ ಮೂರೂ ಮುಂದಿನ ಚಕ್ರಕ್ಕೆ ಮಾತ್ರ ಪವರ್ ಹೋಗುವ ಗಾಡಿಗಳು. ಫೋರ್ ವೀಲ್ ಡ್ರೈವ್ ಯಾವುದರಲ್ಲೂ ಇಲ್ಲ. ಇದನ್ನು ಒಪ್ಪಿಕೊಂಡು ತಗೊಂಡರೆ ಆಮೇಲೆ ಬೇಜಾರಾಗಲ್ಲ.

ಹರಿಹರದ_ಹೊಳೆ

ಹೊಲ ಇದೆ ಅಂತೀರಿ, ಬೊಲೆರೊ ತಗೊಳ್ಳಿ ಅಣ್ಣ. ಯೋಚನೆಯೇ ಬೇಡ.

ವಿದ್ಯಾನಗರ_17

ಬೊಲೆರೊ ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. 😄 ಬಜೆಟ್ಟಿಗೂ ಮೇಲೆ ಹೋಗುತ್ತೆ. ಮಗಳಂತೂ "ಅಪ್ಪಾ ಅದು ಪೊಲೀಸ್ ಗಾಡಿ" ಅಂದುಬಿಟ್ಟಳು.

ಪಿಬಿ_ರೋಡ್_ಮೆಕ್ಯಾನಿಕ್

ಬೊಲೆರೊ ಬೇರೆ ಜಾತಿ ಬಿಡಿ. ಲ್ಯಾಡರ್ ಚಾಸಿಸ್ (ಲಾರಿಯಂಥ ಗಟ್ಟಿ ಚೌಕಟ್ಟು), ಹಿಂದೆ ಪಟ್ಟಾ ಸ್ಪ್ರಿಂಗ್, ಹಿಂದಿನ ಚಕ್ರ ಎಳೆಯುತ್ತೆ, 210 ನ್ಯೂಟನ್ ಮೀಟರ್ (ಎನ್‌ಎಂ) ಟಾರ್ಕ್, ಅಂದರೆ ತಿರುಗಿಸುವ ಬಲ. ಗೊಬ್ಬರದ ಚೀಲ ಹೇರೋದಿದ್ದರೆ ಅದೇ ಸರಿ. ಆದರೆ ಬೆಂಗಳೂರಿಗೆ ಹೋಗಿ ಬಂದ ಮೇಲೆ ಅಮ್ಮನ ಸೊಂಟ ಕೇಳಿ.

ಈಗ ನಿಮ್ಮ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಪಂಚ್: 1199 ಸಿಸಿ, ಮೂರು ಸಿಲಿಂಡರ್, ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ್ದು. 88 ಪಿಎಸ್ ಪವರ್, 115 ಎನ್‌ಎಂ ಟಾರ್ಕ್. ಎಕ್ಸ್‌ಟರ್: 1197 ಸಿಸಿ, ನಾಲ್ಕು ಸಿಲಿಂಡರ್, 83 ಪಿಎಸ್, ಹೆಚ್ಚುಕಮ್ಮಿ 114 ಎನ್‌ಎಂ. ಮ್ಯಾಗ್ನೈಟ್‌ನಲ್ಲಿ ಎರಡು ಬಗೆ. ಸಾದಾ 999 ಸಿಸಿ ಎಂಜಿನ್ 72 ಪಿಎಸ್, 96 ಎನ್‌ಎಂ. ಅದೇ ಅಳತೆಯ ಟರ್ಬೊ 100 ಪಿಎಸ್, ಮ್ಯಾನುಯಲ್ ಗೇರ್‌ನಲ್ಲಿ 160 ಎನ್‌ಎಂ.

ಜನ ಪಿಎಸ್ ನೋಡುತ್ತಾರೆ. ಐದು ಜನ ಕೂತು ಏರು ಹತ್ತುವವರು ಟಾರ್ಕ್ ನೋಡಬೇಕು, ಅದೂ ಎಷ್ಟು ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ) ಬರುತ್ತೆ ಅಂತ. ಪಂಚ್‌ಗೆ ಪೂರ್ತಿ ಟಾರ್ಕ್ 3250 ಆರ್‌ಪಿಎಂ ಆಸುಪಾಸಲ್ಲಿ ಸಿಗುತ್ತೆ. ಎಕ್ಸ್‌ಟರ್‌ಗೆ 4000 ಬೇಕು. ಮ್ಯಾಗ್ನೈಟ್ ಟರ್ಬೊಗೆ 2800ಕ್ಕೇ ಬಂದುಬಿಡುತ್ತೆ. ಅಂದರೆ ಟರ್ಬೊ ಇಲ್ಲದ ಯಾವ ಗಾಡಿಯಾದರೂ ಘಾಟಿಯಲ್ಲಿ ಎರಡನೇ ಗೇರ್‌ಗೆ ಇಳಿಸಿ, ಎಂಜಿನ್ ಕೂಗಿಸಿಯೇ ಹತ್ತಿಸಬೇಕು. ಹತ್ತಲ್ಲ ಅಂತಲ್ಲ. ಹತ್ತುತ್ತೆ, ಕೂಗುತ್ತೆ.

ಲೆಕ್ಕ ನೋಡಿ. ಗಾಡಿ ತೂಕ ಒಂದು ಟನ್ ಆಸುಪಾಸು. ಐದು ಜನ, ಡಿಕ್ಕಿ ತುಂಬಾ ಸಾಮಾನು ಅಂದರೆ 350ರಿಂದ 400 ಕೆ.ಜಿ. ಮೇಲೆ ಬಿತ್ತು. ಒಬ್ಬರೇ ಕೂತು ಟೆಸ್ಟ್ ಡ್ರೈವ್ ಮಾಡಿದ ಗಾಡಿಯೇ ಬೇರೆ, ನೀವು ಉಡುಪಿಗೆ ತಗೊಂಡು ಹೋಗುವ ಗಾಡಿಯೇ ಬೇರೆ.

ಚನ್ನಗಿರಿ_ಟೀಚರ್

ಇದು ನೂರಕ್ಕೆ ನೂರು ನಿಜ. ನಮ್ಮದೂ ಟರ್ಬೊ ಇಲ್ಲದ 1.2 ಎಂಜಿನ್. ಒಬ್ಬಳೇ ಚನ್ನಗಿರಿಯಿಂದ ದಾವಣಗೆರೆಗೆ ಬರುವಾಗ ಗಾಡಿ ಚುರುಕು. ಮನೆಮಂದಿಯೆಲ್ಲ ಕೂತು ಎಸಿ ಹಾಕಿ ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಸ್ವಭಾವವೇ ಬದಲಾಗುತ್ತೆ. ಅಲ್ಲಿ 14 ಹೇರ್‌ಪಿನ್ ತಿರುವು. ಪ್ರತಿ ತಿರುವಿನಲ್ಲೂ ವೇಗ ಸತ್ತುಹೋಗುತ್ತೆ, ಮತ್ತೆ ಸೊನ್ನೆಯಿಂದ ಎಬ್ಬಿಸಬೇಕು. ತಿರುವಿಗೆ ಮೊದಲೇ ಗೇರ್ ಇಳಿಸಿಕೊಳ್ಳಬೇಕು, ತಿರುವಿನ ಮಧ್ಯೆ ಅಲ್ಲ. ಇದು ಅಭ್ಯಾಸವಾದರೆ ಮತ್ತೇನೂ ತೊಂದರೆ ಇಲ್ಲ. ಇಳಿಯುವಾಗಲೂ ಎರಡನೇ ಗೇರ್, ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿಯಬೇಡಿ. ಹಿಂದಿನಿಂದ ಬರುವವರು ಹಾರ್ನ್ ಹೊಡೆದರೆ ಹೊಡೆಯಲಿ ಬಿಡಿ.

ಬೆಣ್ಣೆ_ಖಾಲಿ

ಮೂರು ಸಿಲಿಂಡರ್ ಅಂದರೆ ನಡುಕ ಜಾಸ್ತಿ ಅಲ್ವಾ? ನಮ್ಮ ಚಿಕ್ಕಪ್ಪ ಅದೊಂದೇ ಕಾರಣಕ್ಕೆ ಬೇಡ ಅಂದರು.

ಪಿಬಿ_ರೋಡ್_ಮೆಕ್ಯಾನಿಕ್

ನಿಂತಲ್ಲಿ ಸ್ವಲ್ಪ ಗೊತ್ತಾಗುತ್ತೆ, ಸುಳ್ಳು ಹೇಳಲ್ಲ. ಕಾರಣ ಸುಲಭ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್ (ಎಂಜಿನ್ ಒಳಗೆ ತಿರುಗುವ ದಂಡ) 180 ಡಿಗ್ರಿ ತಿರುಗುವಷ್ಟರಲ್ಲಿ ಒಂದು ಫೈರಿಂಗ್. ಮೂರರಲ್ಲಿ 240 ಡಿಗ್ರಿಗೊಂದು. ಪೆಟ್ಟಿನ ನಡುವಿನ ಅಂತರ ಜಾಸ್ತಿ, ಜೊತೆಗೆ ಎಂಜಿನ್ ಈ ತುದಿಯಿಂದ ಆ ತುದಿಗೆ ತೂಗಾಡುವ ಗುಣ ಇರುತ್ತೆ. ಅದನ್ನು ನುಂಗೋದು ಎಂಜಿನ್ ಮೌಂಟಿಂಗ್ ರಬ್ಬರ್. ಓಡುವಾಗ ಅಷ್ಟಾಗಿ ಗೊತ್ತಾಗಲ್ಲ. ಮೂರು ಸಿಲಿಂಡರ್‌ಗೆ ಒಳ್ಳೇದೂ ಇದೆ: ತಿಕ್ಕಾಡುವ ಭಾಗ ಕಡಿಮೆ, ತೂಕ ಕಡಿಮೆ. ಗಾಡಿ ಹಳೇದಾದ ಮೇಲೆ ನಡುಕ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮೊದಲು ಮೌಂಟಿಂಗ್ ನೋಡಿಸಿ. ಎಂಜಿನ್ ಬಿಚ್ಚೋಣ ಅಂದವರ ಹತ್ತಿರ ಬಿಡಬೇಡಿ.

ಚಿಕ್ಕಪ್ಪನವರಿಗೆ ನಡುಕ ಆಗಲ್ಲ ಅಂದರೆ ಎಕ್ಸ್‌ಟರ್ ನೋಡಲಿ. ಊರೊಳಗೆ ಅದರಷ್ಟು ನುಣುಪು ಈ ಮೂರರಲ್ಲಿ ಬೇರೆ ಇಲ್ಲ, ಇದು ನನ್ನ ಅಭಿಪ್ರಾಯ.

ಜಗಳೂರು_ಮೆಕ್ಕೆಜೋಳ

ಅಣ್ಣ, ಹೊಲ ಯಾವ ಕಡೆ? ಕೆಂಪು ಮಣ್ಣೋ ಎರೆ ಮಣ್ಣೋ? ಅದರ ಮೇಲೆ ಉತ್ತರ ಇದೆ.

ಕೆಂಪು ಮಣ್ಣಾದರೆ ಮಳೆಗಾಲದಲ್ಲೂ ಯಾವುದಾದರೂ ನಡೆಯುತ್ತೆ. ಎರೆ ಆದರೆ ಮಳೆ ಬಿದ್ದ ದಿನ ಈ ಯಾವ ಗಾಡಿಯನ್ನೂ ಒಳಗೆ ತಗೊಂಡು ಹೋಗಬೇಡಿ. ಗಾಡಿ ಹೊಟ್ಟೆಗೂ ನೆಲಕ್ಕೂ 200 ಮಿ.ಮೀ. ಅಂತರ ಇದ್ದರೂ ಅಷ್ಟೇ, 180 ಇದ್ದರೂ ಅಷ್ಟೇ. ಟೈರ್ ಗೀರುಗಳಲ್ಲಿ ಮಣ್ಣು ಮೆತ್ತಿ ಟೈರ್ ಬೋಳಾಗಿಬಿಡುತ್ತೆ. ಆಮೇಲೆ ಎಂಜಿನ್ ಎಷ್ಟು ಎಳೆದರೇನು, ಚಕ್ರ ಅಲ್ಲೇ ತಿರುಗುತ್ತೆ. ಎಳೆಯಲು ಟ್ರ್ಯಾಕ್ಟರ್ ಕರೆಯಬೇಕು. ನಮ್ಮೂರಲ್ಲಿ ಫೋರ್ ವೀಲ್ ಡ್ರೈವ್ ಗಾಡಿಯನ್ನೂ ಟ್ರ್ಯಾಕ್ಟರ್ ಎಳೆದದ್ದಿದೆ.

ವಿದ್ಯಾನಗರ_17

ಅರ್ಧ ಕೆಂಪು, ಕೊನೆಯ ತುಂಡು ಎರೆ. ರಸ್ತೆ ಪಕ್ಕ ನಿಲ್ಲಿಸಿ ನಡೆದು ಹೋಗುತ್ತೇನೆ ಬಿಡಿ, ಒಳ್ಳೆಯದೇ. ಆದರೆ ದಾರಿಯಲ್ಲಿ ಒಂದು ಹಳ್ಳ, ಎರಡು ಕಡೆ ದಿಬ್ಬ ಇದೆ. ಈಗಿನ ಗಾಡಿ ಹೊಟ್ಟೆ ತಾಗಿಸಿಕೊಂಡೇ ದಾಟುತ್ತೆ.

ದುರ್ಗದ_ಕೋಟೆ

ಕಂಪನಿ ಲೆಕ್ಕದಲ್ಲಿ ನೆಲದಿಂದ ಅಂತರ ಪಂಚ್ 187 ಮಿ.ಮೀ., ಎಕ್ಸ್‌ಟರ್ 185, ಮ್ಯಾಗ್ನೈಟ್ 205. ಆದರೆ ಇದು ಖಾಲಿ ಗಾಡಿಯ ಲೆಕ್ಕ. ಐದು ಜನ ಕೂತರೆ ಸ್ಪ್ರಿಂಗ್ ಕುಗ್ಗುತ್ತೆ, ಹಿಂದುಗಡೆ ಜಾಸ್ತಿ ಕುಗ್ಗುತ್ತೆ.

ಇನ್ನೊಂದು ವಿಷಯ. ದಿಬ್ಬ ದಾಟುವಾಗ ಅಂತರ ಒಂದೇ ಮುಖ್ಯ ಅಲ್ಲ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಉದ್ದ) ಕೂಡ ಮುಖ್ಯ. ಮುಂದಿನ ಚಕ್ರ ದಿಬ್ಬ ಇಳಿದು ಹಿಂದಿನದು ಇನ್ನೂ ಆ ಕಡೆ ಇದ್ದಾಗ ಹೊಟ್ಟೆ ತಾಗೋದು. ಪಂಚ್ ವೀಲ್‌ಬೇಸ್ 2445, ಎಕ್ಸ್‌ಟರ್ 2450, ಮ್ಯಾಗ್ನೈಟ್ 2500 ಮಿ.ಮೀ. ಹಾಗಾಗಿ ಮ್ಯಾಗ್ನೈಟ್‌ನ ಹೆಚ್ಚುವರಿ 18 ಮಿ.ಮೀ.ನಲ್ಲಿ ಒಂಚೂರು ಉದ್ದಕ್ಕೆ ಹೋಗುತ್ತೆ. ಆದರೂ ಮೂರರಲ್ಲಿ ಅದೇ ಮೇಲು.

ಹಂಪ್ ವಿಷಯಕ್ಕೆ ಬಂದರೆ, ನಮ್ಮ ಕಡೆ ಊರವರೇ ಹಾಕಿಕೊಂಡಿರುವ ಹಂಪ್‌ಗಳಿಗೆ ಯಾವ ಲೆಕ್ಕವೂ ನಡೆಯಲ್ಲ. ಓರೆಯಾಗಿ ದಾಟಿಸಿ.

ಬೆಣ್ಣೆ_ಖಾಲಿ

ಟಾಪ್ ಮಾಡೆಲ್‌ಗೆ 16 ಇಂಚಿನ ವೀಲ್ ಬರುತ್ತಲ್ಲ, ಅದರಿಂದ ಗಾಡಿ ಇನ್ನೂ ಎತ್ತರ ಆಗುತ್ತೆ ಅಂದರು ಶೋರೂಂನಲ್ಲಿ.

ಪಿಬಿ_ರೋಡ್_ಮೆಕ್ಯಾನಿಕ್

ಸುಮ್ನೆ ಹೇಳೋದು. ಪಂಚ್‌ದೇ ಲೆಕ್ಕ ಹಾಕೋಣ. ಕೆಳಗಿನ ಮಾಡೆಲ್‌ಗೆ 185/70 ಆರ್15, ಮೇಲಿನದಕ್ಕೆ 195/60 ಆರ್16. ಮೊದಲನೇ ಟೈರ್‌ನ ಗೋಡೆ 185ರಲ್ಲಿ ಶೇ 70, ಅಂದರೆ 129.5 ಮಿ.ಮೀ. ಎರಡನೆಯದರ ಗೋಡೆ 195ರಲ್ಲಿ ಶೇ 60, ಅಂದರೆ 117 ಮಿ.ಮೀ. ರಿಮ್ಮಿಗೆ (15 ಇಂಚು ಅಂದರೆ 381 ಮಿ.ಮೀ., 16 ಅಂದರೆ 406) ಎರಡು ಕಡೆ ಗೋಡೆ ಸೇರಿಸಿ: 381 ಕೂಡಿಸು 259, ಒಟ್ಟು 640. ಇನ್ನೊಂದು 406 ಕೂಡಿಸು 234, ಅದೂ 640. ಎತ್ತರ ಒಂದು ಕೂದಲೂ ಜಾಸ್ತಿ ಆಗಲಿಲ್ಲ. ಆದರೆ ರಬ್ಬರ್ 12 ಮಿ.ಮೀ. ಕಡಿಮೆಯಾಯ್ತು. ಗುಂಡಿಗೆ ಬಿದ್ದಾಗ ರಿಮ್ ಬಗ್ಗೋದು, ಟೈರ್ ಪಕ್ಕ ಊದಿಕೊಳ್ಳೋದು ಇದರಲ್ಲೇ ಬೇಗ. ಹೊಸ ಟೈರ್ ಹಾಕಿಸುವಾಗ ರೇಟೂ ಜಾಸ್ತಿ.

ಹೊಲದ ದಾರಿಗೆ, ನಮ್ಮ ಒಳ ರಸ್ತೆಗಳಿಗೆ 15 ಇಂಚೇ ಒಳ್ಳೇದು. ನೋಡೋಕೆ ಅಷ್ಟು ಚೆನ್ನಾಗಿರಲ್ಲ, ಒಪ್ತೀನಿ.

ಎಂಸಿಸಿ_ಬಿ_ಬ್ಲಾಕ್

ಆಟೊಮ್ಯಾಟಿಕ್ ಬಗ್ಗೆ ಯಾರೂ ಮಾತಾಡಲಿಲ್ಲ. ರೈಲ್ವೆ ಗೇಟ್ ಹಾಕಿದಾಗ ಕ್ಲಚ್ ತುಳಿದು ತುಳಿದು ಕಾಲು ಬಿದ್ದುಹೋಗುತ್ತೆ. ಎಎಂಟಿ ತಗೊಳ್ಳಬಹುದಾ?

ಪಿಬಿ_ರೋಡ್_ಮೆಕ್ಯಾನಿಕ್

ತಗೊಳ್ಳಬಹುದು, ಆದರೆ ಅದು ಏನು ಅಂತ ತಿಳಿದು ತಗೊಳ್ಳಿ. ಎಎಂಟಿ ಅಂದರೆ ಅದೇ ಮ್ಯಾನುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ಕ್ಲಚ್ ತುಳಿಯೋಕೆ, ಗೇರ್ ಹಾಕೋಕೆ ಕಾಣದ ಒಬ್ಬ ಡ್ರೈವರ್ ಒಳಗೆ ಕೂತ ಹಾಗೆ. ಗೇರ್ ಬದಲಾಗುವಾಗ ಒಂದು ಸಣ್ಣ ತಡೆ ಬರುತ್ತೆ, ತಲೆ ಮುಂದೆ ಹೋಗಿ ಹಿಂದೆ ಬರುತ್ತೆ. ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿದರೆ ಅದು ಕಡಿಮೆಯಾಗುತ್ತೆ. ಪಂಚ್, ಎಕ್ಸ್‌ಟರ್ ಎರಡಕ್ಕೂ ಇರೋದು ಇದೇ.

ಮ್ಯಾಗ್ನೈಟ್ ಟರ್ಬೊಗೆ ಸಿವಿಟಿ ಇದೆ. ಅದರಲ್ಲಿ ಗೇರ್ ಮೆಟ್ಟಿಲೇ ಇಲ್ಲ. ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್, ಪುಲ್ಲಿ ಅಗಲ ಹೆಚ್ಚುಕಮ್ಮಿ ಆದಂತೆ ರೇಶಿಯೊ ಬದಲಾಗುತ್ತೆ. ತುಂಬಾ ನಯ. ಜೋರಾಗಿ ಒತ್ತಿದರೆ ಮೊದಲು ಸದ್ದು ಬರುತ್ತೆ, ವೇಗ ಆಮೇಲೆ. ಟಾರ್ಕನ್ನು 152ಕ್ಕೆ ಇಳಿಸಿದ್ದಾರೆ. ಬೆಲೆ ಮಾತ್ರ ಕೇಳಬೇಡಿ.

ಎಎಂಟಿ ತಗೊಂಡವರಿಗೆ ಒಂದೇ ಮಾತು: ಏರಿನಲ್ಲಿ ಗಾಡಿಯನ್ನು ಆಕ್ಸಿಲರೇಟರ್ ಮೇಲೆ ನಿಲ್ಲಿಸಬೇಡಿ. ಕ್ಲಚ್ ಅರ್ಧ ಹಿಡಿದುಕೊಂಡು ಸುಡುತ್ತಿರುತ್ತೆ, ನಿಮಗೆ ಗೊತ್ತೇ ಆಗಲ್ಲ. ಬ್ರೇಕ್ ಹಿಡಿಯಿರಿ. ನನ್ನ ಹತ್ತಿರ ಬರುವ ಕ್ಲಚ್ ಕೆಲಸದಲ್ಲಿ ದೊಡ್ಡ ಪಾಲು ಇದೇ ಅಭ್ಯಾಸದಿಂದ. ಗಾಡಿ ಯಾವ ಕಂಪನಿಯದ್ದಾದರೂ ಸರಿ.

ದುರ್ಗದ_ಕೋಟೆ

ಜೋಗಿಮಟ್ಟಿ ಏರಿನಲ್ಲಿ ಎದುರು ಗಾಡಿ ಬಂದು ನಿಂತಾಗ ಆ ಸುಟ್ಟ ವಾಸನೆ ಎಷ್ಟು ಸಲ ಕುಡಿದಿದ್ದೇನೋ.

ಹರಿಹರದ_ಹೊಳೆ

ಸಿಎನ್‌ಜಿ ಹಾಕಿಸಿಕೊಳ್ಳಿ ಅಣ್ಣ, ಬೆಂಗಳೂರಿಗೆ ಹೋಗಿ ಬರೋ ಖರ್ಚು ಅರ್ಧಕ್ಕೆ ಬರುತ್ತೆ.

ಚನ್ನಗಿರಿ_ಟೀಚರ್

ಘಾಟಿ ಹತ್ತುವವರಿಗೆ ಸಿಎನ್‌ಜಿ ಯಾಕೆ ಹೇಳ್ತೀರಿ? ಪಂಚ್ ಸಿಎನ್‌ಜಿಯಲ್ಲಿ ಓಡುವಾಗ 73.5 ಪಿಎಸ್, 103 ಎನ್‌ಎಂಗೆ ಇಳಿಯುತ್ತೆ. ಡಿಕ್ಕಿ 366 ಲೀಟರ್ ಇದ್ದದ್ದು 210 ಆಗುತ್ತೆ. ಐದು ಜನರ ಬ್ಯಾಗ್ ಎಲ್ಲಿಡೋದು, ತಲೆ ಮೇಲಾ?

ಹರಿಹರದ_ಹೊಳೆ

ಘಾಟಿಯಲ್ಲಿ ಪೆಟ್ರೋಲ್‌ಗೆ ಹಾಕಿಕೊಂಡರಾಯ್ತು, ಒಂದು ಸ್ವಿಚ್ ಅಷ್ಟೇ. ವರ್ಷಕ್ಕೆ ಎರಡು ಸಲ ಹೋಗೋ ಆಗುಂಬೆಗೋಸ್ಕರ ವರ್ಷವಿಡೀ ಪೆಟ್ರೋಲ್ ಸುಡಬೇಕಾ? ಎರಡು ಸಣ್ಣ ಸಿಲಿಂಡರ್‌ನ್ನು ಡಿಕ್ಕಿಯ ತಳದಲ್ಲಿ ಕೂರಿಸಿದ್ದಾರೆ, ಮೊದಲಿನ ಹಾಗೆ ಡಿಕ್ಕಿ ಪೂರ್ತಿ ಹೋಗಲ್ಲ.

ಚನ್ನಗಿರಿ_ಟೀಚರ್

ಸ್ವಿಚ್ ಮಾತು ಸರಿ. ಡಿಕ್ಕಿ ಮಾತು ಒಪ್ಪಲ್ಲ. ನಮ್ಮ ಮನೆಯವರು ಊರಿಂದ ಬರುವಾಗ ಒಂದು ಮೂಟೆ ಅಕ್ಕಿ ಇಲ್ಲದೆ ಬರಲ್ಲ.

ಬೆಣ್ಣೆ_ಖಾಲಿ

ಮೈಲೇಜ್ ನಿಜವಾಗಲೂ ಎಷ್ಟು? ಪಂಚ್‌ಗೆ ಕಂಪನಿ 20.09 ಅಂತ ಹಾಕಿದೆ, ಎಎಂಟಿಗೆ 18.8.

ಪಿಬಿ_ರೋಡ್_ಮೆಕ್ಯಾನಿಕ್

ಅದು ಲ್ಯಾಬ್ ಲೆಕ್ಕ. ನಮ್ಮ ರಸ್ತೆಯಲ್ಲಿ ಅಷ್ಟು ನಿರೀಕ್ಷೆ ಮಾಡಬೇಡಿ. ಜೊತೆಗೆ ಈಗ ಬರೋದು ಇ20 ಪೆಟ್ರೋಲ್. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಐದನೇ ಒಂದು ಪಾಲು ಅದೇ ಇದ್ದರೆ, ಲೆಕ್ಕದ ಪ್ರಕಾರ ಶೇ 6-7ರಷ್ಟು ಮೈಲೇಜ್ ಅಲ್ಲೇ ಹೋಯ್ತು. ಟರ್ಬೊ ತಗೊಂಡವರು ಇನ್ನೊಂದು ತಿಳಿದಿರಿ: ಕಾಲು ಹಗುರ ಇದ್ದರೆ ಮೈಲೇಜ್ ಕೊಡುತ್ತೆ, ಒತ್ತಿದರೆ ಕುಡಿಯುತ್ತೆ. ಆಯಿಲ್ ಮಾತ್ರ ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು, ಟರ್ಬೊ ಬೇರಿಂಗ್ ಬದುಕೋದೇ ಆ ಆಯಿಲ್ ಮೇಲೆ.

ಎಂಸಿಸಿ_ಬಿ_ಬ್ಲಾಕ್

ಹಿಂದೆ ಮೂರು ಜನ ಕೂರುವ ಬಗ್ಗೆಯೂ ಹೇಳಿಬಿಡಿ. ನಮ್ಮನೆಯಲ್ಲೂ ಅದೇ ಜಗಳ.

ದುರ್ಗದ_ಕೋಟೆ

ಅಗಲ ನೋಡಿ: ಎಕ್ಸ್‌ಟರ್ 1710, ಪಂಚ್ 1742, ಮ್ಯಾಗ್ನೈಟ್ 1758 ಮಿ.ಮೀ. ಇದು ಹೊರಗಿನ ಅಳತೆ, ಆದರೂ ಒಂದು ಅಂದಾಜು ಸಿಗುತ್ತೆ. ಇಬ್ಬರು ಮಕ್ಕಳು, ಒಬ್ಬರು ಅಜ್ಜಿ ಆದರೆ ಮೂರರಲ್ಲೂ ನಡೆಯುತ್ತೆ. ಮೂವರೂ ದೊಡ್ಡವರಾದರೆ ಬೆಂಗಳೂರು ಬರುವಷ್ಟರಲ್ಲಿ ಮಾತು ಬಿಟ್ಟಿರುತ್ತಾರೆ. ಅಮ್ಮನ ಮಂಡಿ ಲೆಕ್ಕಕ್ಕೆ ಪಂಚ್ ಬಾಗಿಲು 90 ಡಿಗ್ರಿ ತೆರೆಯುತ್ತೆ, ಅದು ದೊಡ್ಡ ಅನುಕೂಲ. ಬಾಗಿಲು ಪೂರ್ತಿ ತೆರೆದರೆ ಮೊದಲು ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಬಹುದು. ಅಮ್ಮನನ್ನು ಕರೆದುಕೊಂಡು ಹೋಗಿ ಕೂರಿಸಿ ನೋಡಿ. ನಾವು ಇಲ್ಲಿ ಎಷ್ಟು ಬರೆದರೂ ಅಷ್ಟೇ.

ಸೇಫ್ಟಿ ಕೂಡ: ಪಂಚ್ 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟ್‌ನಲ್ಲಿ ದೊಡ್ಡವರ ರಕ್ಷಣೆಗೆ ಐದು ಸ್ಟಾರ್, ಮಕ್ಕಳಿಗೆ ನಾಲ್ಕು ತಗೊಂಡಿತು. ಎಕ್ಸ್‌ಟರ್ 2023ರಲ್ಲಿ ಬಂದಾಗಲೇ ಎಲ್ಲ ಮಾಡೆಲ್‌ಗೂ ಆರು ಏರ್‌ಬ್ಯಾಗ್ ಕೊಟ್ಟಿತು.

ಜಗಳೂರು_ಮೆಕ್ಕೆಜೋಳ

ಮಳೆ ಬಂದಾಗ ಅಂಡರ್‌ಪಾಸ್ ನೀರಿನ ಕಥೆ ಏನು? ನಮ್ಮ ಪಕ್ಕದ ಮನೆಯವರ ಗಾಡಿ ನೀರಲ್ಲಿ ನಿಂತು ಎಂಜಿನ್ ಕೆಲಸಕ್ಕೆ ಬಂತು.

ಪಿಬಿ_ರೋಡ್_ಮೆಕ್ಯಾನಿಕ್

ಪಂಚ್‌ಗೆ ಕಂಪನಿ 370 ಮಿ.ಮೀ. ನೀರು ಅಂತ ಹೇಳಿದೆ. ಟೈರ್ ಎತ್ತರ 640 ಅಂತ ಆಗಲೇ ಲೆಕ್ಕ ಹಾಕಿದೆವಲ್ಲ, ಅರ್ಧ ಅಂದರೆ 320. ಚಕ್ರದ ನಡುಭಾಗದ ಬೋಲ್ಟ್ ಮುಳುಗುವಷ್ಟು ನೀರಿದ್ದರೆ ವಾಪಸ್ ತಿರುಗಿಸಿ. ಎದುರಿಂದ ಬಸ್ಸು ಬಂದರೆ ಅಲೆ ಬಾನೆಟ್ಟಿಗೇ ಬರುತ್ತೆ. ನೀರಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ತಳ್ಳಿಸಿಕೊಂಡು ಹೊರಗೆ ತನ್ನಿ.

ವಿದ್ಯಾನಗರ_17

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಟೆಸ್ಟ್ ಡ್ರೈವ್ ಮಾಡಿದೆವು. ಒಂದು ಶೋರೂಂನವರು "ಐದು ಜನ ಬೇಡ ಸರ್, ಇಬ್ಬರು ಸಾಕು" ಅಂದರು. ಅಲ್ಲಿಂದ ಎದ್ದು ಬಂದೆವು.

ಟರ್ಬೊ ಇಲ್ಲದ್ದರಲ್ಲಿ ಐದೂ ಜನ ಕೂತು, ಎಸಿ ಹಾಕಿ, ಹೆದ್ದಾರಿ ಸರ್ವಿಸ್ ರೋಡಿನಿಂದ ಫ್ಲೈಓವರ್ ಹತ್ತಿಸಿದೆ. ಮೂರನೇ ಗೇರ್‌ನಲ್ಲಿ ಒದ್ದಾಡಿತು, ಎರಡಕ್ಕೆ ಹಾಕಿದ ಮೇಲೆ ಎದ್ದಿತು. ಮೆಕ್ಯಾನಿಕ್ ಹೇಳಿದ ಹಾಗೇ ಕೂಗಿತು. ಟರ್ಬೊದಲ್ಲಿ ಅದೇ ಏರು ಮೂರನೇ ಗೇರ್‌ನಲ್ಲೇ ಹೋಯ್ತು. ಆದರೆ 1500 ಆರ್‌ಪಿಎಂ ಕೆಳಗೆ ಇದ್ದಾಗ ಒಂದು ಕ್ಷಣ ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಬರುತ್ತೆ. ಹೆಂಡತಿಗೆ ಅದು ಇಷ್ಟವಾಗಲಿಲ್ಲ. ಊರೊಳಗೆ ದಿನಾ ಓಡಿಸೋದು ಅವಳೇ.

ಅಮ್ಮ ಮೂರರಲ್ಲೂ ಹತ್ತಿ ಇಳಿದರು. ಪಂಚ್‌ನಲ್ಲಿ ಮಾತ್ರ ಯಾರ ಕೈಯನ್ನೂ ಹಿಡಿಯಲಿಲ್ಲ.

ಹಾಗಾಗಿ ಪಂಚ್ ಮ್ಯಾನುಯಲ್, 15 ಇಂಚಿನ ಟೈರ್ ಇರುವ ಮಾಡೆಲ್ ಕಡೆ ಮನಸ್ಸು ವಾಲಿದೆ. ಘಾಟಿಯಲ್ಲಿ ಎರಡನೇ ಗೇರ್‌ನಲ್ಲಿ ನಿಧಾನಕ್ಕೆ ಹೋದರಾಯ್ತು. ಬೆಲೆ ಬಗ್ಗೆ ಯಾರಾದರೂ ಹೇಳಿ, ಕೊಟೇಶನ್‌ನಲ್ಲಿ ಏನೇನೋ ಸೇರಿಸಿದ್ದಾರೆ.

ಎಂಸಿಸಿ_ಬಿ_ಬ್ಲಾಕ್

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ, ಸೆಸ್ ಸೇರಿ 29 ಇದ್ದದ್ದು ಶೇ 18ಕ್ಕೆ ಬಂದಿದೆ. ಆ ಬೆಲೆ ಹಾಕಿದ್ದಾರಾ ನೋಡಿ. ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ 5ರಿಂದ 10 ಲಕ್ಷದ ಗಾಡಿಗೆ ಶೇ 14, ಅದರ ಮೇಲೆ ಸೆಸ್. ಅದು ತಪ್ಪಿಸೋಕಾಗಲ್ಲ. ಇನ್ಶೂರೆನ್ಸ್ ಶೋರೂಂನಲ್ಲೇ ಮಾಡಿಸಬೇಕು ಅಂತಿಲ್ಲ, ಹೊರಗೆ ಕೇಳಿ ನೋಡಿ. "ಬೇಸಿಕ್ ಕಿಟ್" ಅಂತ ಮ್ಯಾಟು, ಪರ್ಫ್ಯೂಮು, ಮಡ್ ಫ್ಲಾಪ್ ಸೇರಿಸಿ ಒಂದು ಮೊತ್ತ ಹಾಕಿರುತ್ತಾರೆ. ಅದನ್ನು ಹೊಡೆದು ಹಾಕಿಸಿ.

ಪಿಬಿ_ರೋಡ್_ಮೆಕ್ಯಾನಿಕ್

ಮಡ್ ಫ್ಲಾಪ್ ಮಾತ್ರ ಹಾಕಿಸಿಕೊಳ್ಳಿ, ಜಲ್ಲಿ ರಸ್ತೆಗೆ ಬೇಕು.

ಡೆಲಿವರಿ ದಿನ ಎರಡು ಕೆಲಸ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಗಾಡಿ ಯಾರ್ಡ್‌ನಲ್ಲಿ ಎಷ್ಟು ದಿನ ನಿಂತಿತ್ತು ಅಂತ ಸುಮಾರಾಗಿ ಗೊತ್ತಾಗುತ್ತೆ. ಸ್ಟೆಪ್ನಿಯನ್ನೂ ಹೊರಗೆ ತೆಗೆಸಿ ನೋಡಿ. ಎರಡನೆಯದು, ಡ್ರೈವರ್ ಬಾಗಿಲ ಹತ್ತಿರ ಗಾಳಿಯ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಖಾಲಿಗೆ ಒಂದು, ಫುಲ್ ಲೋಡ್‌ಗೆ ಒಂದು ಅಂಕಿ ಇರುತ್ತೆ. ಉಡುಪಿಗೆ ಹೊರಡುವ ಮುಂಚೆ ಲೋಡ್ ಅಂಕಿಗೆ ಹಿಡಿಸಿ, ಟೈರ್ ತಣ್ಣಗಿದ್ದಾಗ.

ವಿದ್ಯಾನಗರ_17

ಗಾಳಿ ನೈಟ್ರೋಜನ್ ಹಿಡಿಸಬೇಕಾ, ಸಾದಾನಾ?

ಪಿಬಿ_ರೋಡ್_ಮೆಕ್ಯಾನಿಕ್

ಸಾದಾ ಸಾಕು. ಅದರಲ್ಲೂ ನೂರಕ್ಕೆ 78 ನೈಟ್ರೋಜನ್ನೇ ಇರೋದು.